ಕಾಯುವುದಕ್ಕೇನೂ ಇಲ್ಲದ ನಾಯಿ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಬೇವಿನ ಗಿಡ. ಅಲ್ಲಿದ್ದ ಹಿರಿಯರನ್ನು ಜನ ಅಜ್ಜಾರು ಎನ್ನುತ್ತಿದ್ದರು. ಅವರಿಗೊಂದು ಹೆಸರು ಇದ್ದೀತು, ಯಾರೂ ಕೇಳಿರಲಿಲ್ಲ.

ಹುಬ್ಬಳ್ಳಿಯ ಸಾವಂತ್ರಿ ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಿದ್ದಳು. ದೊಡ್ಡ ದವಾಖಾನೆಯೊಂದರಲ್ಲಿ ನರ್ಸ್. ಸುಟ್ಟಗಾಯದ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದ ಚಾಕರಿ. ಬಂದವಳು ಪಡಸಾಲೆ ಗುಡಿಸುವಳು, ಅಜ್ಜಾರ ಮುಂದೆ ಒಂದು ತಾಸು ಕೂಡುವಳು, ಒಂದೋ ಎರಡೋ ಮಾತು ಕೇಳಿಕೊಂಡು ಸಂಜೆಯ ಬಸ್ಸಿಗೆ ಹೋಗುವಳು. ಏಳು ವರ್ಷದಿಂದ ನಡೆದು ಬಂದದ್ದು ಇಷ್ಟೇ.

ಆ ಸೋಮವಾರ ಅವಳು ಕಸಬರಿಗೆ ಮುಟ್ಟಲಿಲ್ಲ. ಚೀಲದಿಂದ ಮೂರು ಕಾಗದ ತೆಗೆದು ಅಜ್ಜಾರ ಮುಂದೆ ಹರವಿದಳು.

“ಅಜ್ಜಾರ, ಇದರಾಗ ಯಾವುದು ಚಲೋ, ನೀವೇ ಹೇಳ್ರಿ.”

“ಏನಿವು?”

“ನಾಯಿಗೆ ತಾಲೀಮು ಕೊಡೋರು ಬರಕೊಟ್ಟದ್ದು.”

ನಾಯಿಯ ಕಥೆ ಅಜ್ಜಾರಿಗೆ ಅಷ್ಟಿಷ್ಟು ಗೊತ್ತಿತ್ತು. ವರ್ಷದ ಹಿಂದೆ ದವಾಖಾನೆಯ ಗೇಟಿನ ಬಳಿ ಸಿಕ್ಕ ಬೀದಿ ಮರಿ. ಯಾರೋ ಕುದಿನೀರು ಎರಚಿ ಬೆನ್ನು ಸುಟ್ಟಿದ್ದರು. ಮನುಷ್ಯರ ಗಾಯ ತೊಳೆದ ಕೈಯಿಂದಲೇ ಸಾವಂತ್ರಿ ಅದರ ಗಾಯವನ್ನೂ ತೊಳೆದಳು. ನಲವತ್ತು ದಿನ ಪಟ್ಟಿ ಕಟ್ಟಿದಳು. ಗಾಯ ಮಾಯಿತು, ಬೆನ್ನ ಮೇಲೆ ಅಂಗೈಯಗಲ ಕೂದಲು ಮಾತ್ರ ಬರಲಿಲ್ಲ. ಒಂಟಿ ಹೆಣ್ಣಿನ ಮೂರನೆಯ ಮಾಳಿಗೆಯ ಮನೆಯಲ್ಲಿ ಅದು ಉಳಿದುಕೊಂಡಿತು. ಅವಳು ಡ್ಯೂಟಿ ಮುಗಿಸಿ ಬಾಗಿಲು ತೆರೆದರೆ ಸಾಕು, ಖುಷಿಗೆ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಅದಕ್ಕೇ ಬುಗುರಿ ಎಂದು ಹೆಸರು.

ಈಗಿನ ತಾಪತ್ರಯವನ್ನು ಸಾವಂತ್ರಿ ಒಂದೇ ಉಸಿರಿಗೆ ಹೇಳಿದಳು. ಬುಗುರಿಗೆ ಶಹರದ ಎಲ್ಲದರ ಅಂಜಿಕೆ. ಲಿಫ್ಟಿನ ಬಾಗಿಲು, ಆಟೋ ಹಾರ್ನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಕಸದ ಗಾಡಿಯ ಹಾಡು. ಎಲ್ಲದಕ್ಕೂ ಬೊಗಳುತ್ತದೆ. ಹೋದ ವಾರ ಕೆಳಮನೆಯ ಗದಿಗೆಪ್ಪ ಮಾಸ್ತರು ಕೋಲು ಊರಿಕೊಂಡು ಎದುರಾದಾಗ ಮೇಲೆ ಎಗರಿತು. ಧೋತರ ಹರಿಯಿತು. ಮಾಸ್ತರು ಬಿದ್ದು ಮೊಣಕಾಲು ಕಿತ್ತುಹೋಯಿತು.

“ಬಿಲ್ಡಿಂಗಿನ ಸಂಘದವರು ಒಂದು ತಿಂಗಳ ಟೈಮ್ ಕೊಟ್ಟಾರ್ರಿ. ಅಷ್ಟರಾಗ ನಾಯಿ ಕಲೀಬೇಕು. ಇಲ್ಲಾಂದ್ರ ಅದನ್ನ ಎಲ್ಲೆರ ಬಿಟ್ಟು ಬರ್ಬೇಕು.”

ಅಜ್ಜಾರು ಕಾಗದಗಳನ್ನು ಕೈಗೆತ್ತಿಕೊಂಡರು.

ಮೊದಲನೆಯದು ಶಿಸ್ತಿನ ಶಿಬಿರ. ನಾಯಿಯನ್ನು ಬಿಟ್ಟು ಹೋದರೆ ಹತ್ತು ದಿನಕ್ಕೆ ತಿದ್ದಿ ಕೊಡುತ್ತಾರೆ. ಎರಡನೆಯದರಲ್ಲಿ ಬಣ್ಣಬಣ್ಣದ ಚಿತ್ರ: ಬಳೆಯೊಳಗೆ ಹಾರುವ ನಾಯಿ, ಕೈಕುಲುಕುವ ನಾಯಿ, ಕನ್ನಡಕ ಹಾಕಿದ ನಾಯಿ. ಮೂರನೆಯದು ನೋಟ್‌ಬುಕ್ಕಿನಿಂದ ಹರಿದ ಹಾಳೆ. ರುಬೀನಾ ಎಂಬಾಕೆ ಬರೆದದ್ದು ಎರಡೇ ಸಾಲು: “ನಾಯಿ ಒಂದನ್ನೇ ಕಳಿಸಿದರೆ ಕಲಿಸುವುದಿಲ್ಲ, ಮನೆಯವರೂ ಕಲಿಯಬೇಕು. ಎಷ್ಟು ದಿನ ಎಂದು ಹೇಳಲು ಬರುವುದಿಲ್ಲ.”

ಅಜ್ಜಾರು ಮೂರನ್ನೂ ತಿರುವಿ ಹಾಕಿ ಹಿಂಭಾಗ ನೋಡಿದರು.

“ಇದರಾಗ ನಾಯಿ ಬರದದ್ದು ಯಾವುದು?”

“ನಾಯಿ ಬರೀತೈತೇನ್ರಿ ಅಜ್ಜಾರ?”

“ಮತ್ತ ಅದರ ಮಾತು ಯಾರು ಬರದಾರ?”

ಅಷ್ಟು ಹೇಳಿ ಅವರು ದನಕ್ಕೆ ನೀರು ತೋರಿಸಲು ಎದ್ದುಹೋದರು.

ಬಸ್ಸಿನಲ್ಲಿ ಕೂತ ಸಾವಂತ್ರಿಗೆ ಸಿಟ್ಟು ಬಂತು. ಅಜ್ಜಾರಿಗೇನು, ಹೊಳೆ ದಂಡೆಯಲ್ಲಿ ಕೂತಿದ್ದಾರೆ. ತನಗಿರುವುದು ಮೂವತ್ತು ದಿನ. ದಿನ ಗೊತ್ತಿಲ್ಲ ಎನ್ನುವವಳನ್ನು ಕಟ್ಟಿಕೊಂಡು ಏನು ಮಾಡುವುದು? ಕನ್ನಡಕ ಹಾಕುವುದನ್ನು ಕಲಿತು ಬುಗುರಿಗೆ ಆಗಬೇಕಾದದ್ದಾದರೂ ಏನು?

ಮರುದಿನ ಅವಳು ಬುಗುರಿಯನ್ನು ಶಿಬಿರಕ್ಕೆ ಬಿಟ್ಟು ಬಂದಳು.

ಹತ್ತು ದಿನಕ್ಕೆ ಹೇಳಿದಂತೆಯೇ ಕೊಟ್ಟರು. ಕೂಡು ಎಂದರೆ ಕೂಡುತ್ತಿತ್ತು. ನಿಲ್ಲು ಎಂದರೆ ನಿಲ್ಲುತ್ತಿತ್ತು. ಲಿಫ್ಟಿನಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಕುಕ್ಕರ್ ಕೂಗಿದರೂ ಬೊಗಳಲಿಲ್ಲ. ಕೊರಳಲ್ಲಿ ಒಳಮುಖದ ಮುಳ್ಳಿನ ಕಬ್ಬಿಣದ ಪಟ್ಟಿ ಇತ್ತು. “ಇದು ಇರೋತನ ಚಿಂತಿ ಇಲ್ಲ, ಸಿಸ್ಟರ್” ಎಂದಿದ್ದ ಶಿಬಿರದವನು.

ಸಾವಂತ್ರಿಗೆ ಹಿಡಿಸಲಾರದಷ್ಟು ಸಂತೋಷ. ರಜೆ ಹಾಕಿ, ಪರಿಚಯದವರ ಕಾರು ಕೇಳಿ, ಬುಗುರಿಯನ್ನು ಕೂಡಿಸಿಕೊಂಡು ಮೂರನೆಯ ದಿನ ಮಠಕ್ಕೆ ಬಂದಳು.

“ನೋಡ್ರಿ ಅಜ್ಜಾರ! ಬುಗುರೀ, ಕೂಡು.”

ಬುಗುರಿ ಕೂತಿತು.

“ಮಲಗು.”

ಮಲಗಿತು.

ಅಜ್ಜಾರು ಎದ್ದರು. ನೀರು ತುಂಬಿಡಲೆಂದು ಪಡಸಾಲೆಯ ಮೂಲೆಯ ಹಿತ್ತಾಳೆ ಕೊಡ ಎತ್ತಿದರು. ಮುಪ್ಪಿನ ಕೈ. ಕೊಡ ಜಾರಿ ಕಲ್ಲು ಹಾಸಿನ ಮೇಲೆ ಬಿದ್ದು ಇಡೀ ಮಠ ಗಂಯ್ ಎಂದಿತು.

ಬುಗುರಿ ಬೊಗಳಲಿಲ್ಲ. ಎದ್ದು ಓಡಲೂ ಇಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಿವಿ ಹಿಂದಕ್ಕೆ ಮಡಚಿ, ಹಾಗೇ ಇತ್ತು. ಅದರ ಅಡಿಯಿಂದ ಉಚ್ಚೆ ಸಣ್ಣಗೆ ಹರಿದು ಕಲ್ಲಿನ ಸಂದಿಗೆ ಇಳಿಯಿತು.

“ನೋಡಿದ್ರ್ಯಾ” ಎಂದಳು ಸಾವಂತ್ರಿ. ದನಿಯಲ್ಲಿ ಮೊದಲಿನ ಬಲ ಇರಲಿಲ್ಲ. “ಒದರಲಿಲ್ಲ. ಸುಮ್ಮನಾಗೇತಿ.”

ಅಜ್ಜಾರು ಕೊಡವನ್ನು ಎತ್ತಿಟ್ಟರು.

“ತಂಗೀ, ನಿನ್ನ ವಾರ್ಡಿನ್ಯಾಗ ಒಬ್ಬ ಚೀರಾಕ ಹತ್ಯಾನ. ಇನ್ನೊಬ್ಬ ಚೀರಿ ಚೀರಿ ಒಮ್ಮೆಲೆ ಸುಮ್ಮನಾಗ್ಯಾನ. ನೀ ಮೊದಲ ಯಾರ ಕಡೆ ಓಡ್ತಿ?”

ಹತ್ತೊಂಬತ್ತು ವರ್ಷ ಸಾವಂತ್ರಿ ಹೊಸ ಹುಡುಗಿಯರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಅದು. ಚೀರುವವನಿಗೆ ಇನ್ನೂ ಶಕ್ತಿ ಇದೆ. ಸುಮ್ಮನಾದವನ ಕಡೆ ಓಡಿರಿ.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಶಿಬಿರದಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಈ ಎರಡು ದಿನದಲ್ಲಿ ತಾನು ಬಾಗಿಲು ತೆರೆದಾಗ ಬುಗುರಿ ಒಮ್ಮೆಯೂ ತಿರುಗಿರಲಿಲ್ಲ.

ಅವಳು ಕಲ್ಲಿನ ಮೇಲೆ, ಆ ಒದ್ದೆಯಲ್ಲೇ ಕೂತಳು. ಪಟ್ಟಿಯ ಕೊಂಡಿ ಬಿಚ್ಚಿದಳು. ಕೊರಳ ಸುತ್ತ ಕೂದಲೊಳಗೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಸುಟ್ಟ ಬೆನ್ನನ್ನು ವಾಸಿ ಮಾಡಿದವಳು ತಾನೇ, ಕೊರಳಿಗೆ ಗಾಯ ಮಾಡಿಸಿದವಳೂ ತಾನೇ.

“ತಪ್ಪಾತ್ರಿ ಅಜ್ಜಾರ.”

“ನನಗ್ಯಾಕ ಹೇಳ್ತಿ?”

ಅವಳು ಬುಗುರಿಯ ಕಡೆ ತಿರುಗಿದಳು. ಕೈ ಮುಂದೆ ಚಾಚಿದಳು. ನಾಯಿ ಬಹಳ ಹೊತ್ತು ಅವಳ ಕೈ ಮೂಸಿತು. ಆಮೇಲೆ ಒಮ್ಮೆ ನೆಕ್ಕಿತು. ಸಾವಂತ್ರಿ ಮುಖ ಮುಚ್ಚಿಕೊಂಡು ಅತ್ತಳು. ಅಜ್ಜಾರು ನೀರು ತಂದು ಕಲ್ಲು ತೊಳೆದರು.

ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಸಾವಂತ್ರಿ ಕೇಳಿದಳು.

“ಹಂಗಾರ ಇದಕ್ಕ ಏನ್ ಕಲಸಲ್ರಿ?”

“ಕುರುಬರ ನಾಯಿಗೆ ಏನು ಕಲಸ್ತಾರ?”

“ಕುರಿ ಕಾಯೂದು.”

“ಹೊಲದ ನಾಯಿಗೆ?”

“ಹೊಲ ಕಾಯೂದು.”

“ನಿನ್ನ ನಾಯಿ ಮೂರನೇ ಮಾಳಿಗಿ ಮ್ಯಾಲೆ ಏನು ಕಾಯಬೇಕು?”

ಸಾವಂತ್ರಿ ಯೋಚಿಸಿದಳು. ಬಾಗಿಲಿಗೆ ಚಿಲಕ ಇತ್ತು. ಗೇಟಿಗೆ ಕಾವಲುಗಾರ ಇದ್ದ.

“ಏನೂ ಇಲ್ರೀ. ಅದು ಏನೂ ಕಾಯಬೇಕಾಗಿಲ್ಲ.”

“ಅದನ್ನ ಕಲಸು.”

“ಅದನ್ನ ಹೆಂಗ ಕಲಸ್ಬೇಕ್ರಿ?”

ಅಜ್ಜಾರು ಉಳಿದಿದ್ದ ಅರ್ಧ ರೊಟ್ಟಿಯನ್ನು ಉಡಿಗೆ ಹಾಕಿಕೊಂಡು ಎದ್ದರು. ಮಠದ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಡಾಂಬರು ರಸ್ತೆ. ಮೂವರೂ ರಸ್ತೆಯ ಬದಿಗೆ ಹೋಗಿ ನಿಂತರು. ಬುಗುರಿಗೆ ಈಗ ಇದ್ದದ್ದು ಬಟ್ಟೆಯ ಪಟ್ಟಿ, ಉದ್ದನೆಯ ಹಗ್ಗ. ಒಂದು ಟ್ರ್ಯಾಕ್ಟರ್ ಬಂತು. ನಾಯಿಯ ಮೈ ಬಿಗಿಯಿತು. ಅಜ್ಜಾರು ರೊಟ್ಟಿಯ ಚೂರು ಮುಂದೆ ಹಿಡಿದರು. ಅದು ಕಣ್ಣೆತ್ತಿಯೂ ನೋಡಲಿಲ್ಲ.

“ರೊಟ್ಟಿ ತಿನ್ನೂದಿಲ್ರೀ ಇದು.”

“ಭಾಳ ಹತ್ರ ಬಂದೀವಿ.”

ಹತ್ತು ಹೆಜ್ಜೆ ಹಿಂದೆ ಸರಿದರು. ಇನ್ನೂ ತಿನ್ನಲಿಲ್ಲ. ಮತ್ತೆ ಸರಿದರು. ಕೊನೆಗೆ ಹತ್ತಿಯ ಹೊಲದ ಬದುವಿನ ಮೇಲೆ, ರಸ್ತೆ ಬರೀ ಗೆರೆಯಂತೆ ಕಾಣುವಲ್ಲಿ ನಿಂತಾಗ, ಬುಗುರಿ ಟ್ರ್ಯಾಕ್ಟರನ್ನು ನೋಡಿತು, ತಿರುಗಿ ಅಜ್ಜಾರ ಮುಖ ನೋಡಿತು, ರೊಟ್ಟಿ ತಿಂದಿತು.

“ಶಾಣ್ಯಾ ಐತಿ” ಎಂದರು ಅಜ್ಜಾರು. “ಇಲ್ಲಿಂದ ಚಾಲೂ ಮಾಡೂದು.”

“ಇಷ್ಟ ದೂರದಿಂದ? ಹಿಂಗಾದ್ರ ರಸ್ತೆ ಮುಟ್ಟೂದು ಯಾವಾಗ್ರಿ?”

“ರಸ್ತೆ ಎಲ್ಲಿಗೆ ಓಡಿ ಹೋಗ್ತೈತಿ?”

ಸಾವಂತ್ರಿ ಎರಡು ದಿನ ಮಠದಲ್ಲೇ ಉಳಿದಳು. ಟ್ರ್ಯಾಕ್ಟರ್ ಬಂದಾಗಲೆಲ್ಲ ನಾಯಿ ನೋಡುವುದು, ತಿರುಗುವುದು, ರೊಟ್ಟಿ ತಿನ್ನುವುದು. ಬದುವಿನಿಂದ ಬೇಲಿಗೆ, ಬೇಲಿಯಿಂದ ಹುಣಸೆ ಗಿಡಕ್ಕೆ. ಒಮ್ಮೆ ಅವಳು ಆತುರಪಟ್ಟು ಇಪ್ಪತ್ತು ಹೆಜ್ಜೆ ಮುಂದೆ ಹೋದಳು. ಬುಗುರಿ ಹಗ್ಗ ಜಗ್ಗಿ ಕಿರುಚಿತು. ಮತ್ತೆ ಬದುವಿಗೆ ಬರಬೇಕಾಯಿತು. ಅಜ್ಜಾರು ನಕ್ಕರು, ಬೈಯಲಿಲ್ಲ.

ಹೊರಡುವ ದಿನ ಅವಳು ಕಾಲಿಗೆರಗಿ, “ಊರಾಗ ಯಾರ ಕಡೆ ಹೋಗಲ್ರಿ?” ಎಂದಳು.

“ದಿನ ಹೇಳಾಕ ಬರೂದಿಲ್ಲ ಅಂದಾಕಿ ಒಬ್ಬಾಕಿ ಇದ್ಲಲ್ಲ.”

“ಹೌದ್ರಿ.”

“ಮತ್ತ, ಬಿದ್ದ ಮಾಸ್ತರನ್ನ ನೋಡಾಕ ಹೋಗಿದ್ದೇನು?”

ಸಾವಂತ್ರಿ ತಲೆ ತಗ್ಗಿಸಿದಳು. ಹೋಗಿರಲಿಲ್ಲ. ಮಾಸ್ತರು ಕೋಲು ಬೀಸಿದ್ದಕ್ಕೇ ನಾಯಿ ಎಗರಿತು ಎಂದು ಸಂಘಕ್ಕೆ ಒಂದು ಪತ್ರ ಬರೆದಿದ್ದಳು, ಅಷ್ಟೆ. ಊರಿನ ಗಾಯವನ್ನೆಲ್ಲ ತೊಳೆಯುವವಳು ತನ್ನ ಕಟ್ಟಡದ ಗಾಯವನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

ಊರಿಗೆ ಬಂದವಳು ಮೊದಲು ಕೆಳಮನೆಯ ಬಾಗಿಲು ಬಡಿದಳು. ಗದಿಗೆಪ್ಪ ಮಾಸ್ತರು ಒಂದು ಕಾಲು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಎಪ್ಪತ್ತರ ಮೇಲಿನ ವಯಸ್ಸು. ಚಿತ್ರಕಲೆಯ ಮಾಸ್ತರಾಗಿ ನಿವೃತ್ತರು.

“ನಾಯಿ ಇಲ್ಲಲ್ಲ?” ಎಂದರು ಮೊದಲ ಮಾತಿಗೆ.

“ಇಲ್ರೀ ಮಾಸ್ತರ. ನಾ ಒಬ್ಬಾಕಿನ ಬಂದೀನಿ. ತಪ್ಪು ಒಪ್ಪಿಕೊಳ್ಳಾಕ ಬಂದೀನಿ. ಮೊಣಕಾಲು ತೋರಸ್ರಿ.”

ಗಾಯ ಒಣಗಿರಲಿಲ್ಲ; ಅಂಚಿನಲ್ಲಿ ಕೀವು ಕಟ್ಟಿತ್ತು. ಅವಳು ತೊಳೆದು ಪಟ್ಟಿ ಕಟ್ಟಿದಳು. ಮರುದಿನವೂ ಹೋದಳು, ಅದರ ಮರುದಿನವೂ. ಮೂರನೆಯ ದಿನ ಮಾಸ್ತರು ಚಹಾ ಮಾಡಿಸಿಟ್ಟು ಕಾದಿದ್ದರು.

“ಸಿಸ್ಟರ್, ಖರೇ ಹೇಳ್ತೀನಿ. ಕೋಲು ಬೀಸಿದ್ದು ಹೌದು. ಸಿಟ್ಟಿಗಲ್ಲ. ಎಂಟು ವರ್ಷದಾವ ಇದ್ದಾಗ ನಾಯಿ ಕಡದಿತ್ತು. ಹದಿನಾಕು ಸೂಜಿ, ಹೊಟ್ಟಿಗೆ. ಅವತ್ತಿಂದ ನಾಯಿ ಅಂದ್ರ ಕೈಕಾಲು ನನ್ನ ಮಾತು ಕೇಳೂದಿಲ್ಲ.”

“ಅದಕ್ಕೂ ಎತ್ತಿದ ಕೈ, ಎತ್ತಿದ ಕೋಲು ಅಂದ್ರ ಹಂಗ ಆಗ್ತೈತ್ರಿ ಮಾಸ್ತರ” ಎಂದಳು ಸಾವಂತ್ರಿ. ಬುಗುರಿಯ ಬೆನ್ನು ಹೇಗೆ ಸುಟ್ಟಿತು ಎಂಬುದನ್ನು ಅವರಿಗೆ ಹೇಳಿದಳು. ಮಾಸ್ತರ ಚಹಾ ಆರಿಹೋಯಿತು.

ಸಾವಂತ್ರಿ ಫೋನು ಮಾಡಿದ ಮರುದಿನವೇ ರುಬೀನಾ ಬಂದಳು. ಮೂವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ನಾಯಿಯನ್ನು ಮಾತಾಡಿಸಲಿಲ್ಲ, ಮುಟ್ಟಲೂ ಇಲ್ಲ. ಮೆಟ್ಟಿಲು ನೋಡಿದಳು, ಲಿಫ್ಟು ನೋಡಿದಳು, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಳು. ಅವಳ ಪಾಡಿಗೆ ಅವಳು ಕೂತಿದ್ದಾಗ ಬುಗುರಿಯೇ ಬಂದು ಅವಳ ಚಪ್ಪಲಿ ಮೂಸಿತು.

“ಕುಕ್ಕರ್ ಕೂಗಿದಾಗ ನೀವು ಏನ್ ಮಾಡ್ತೀರಿ, ಸಿಸ್ಟರ್?”

“‘ಬುಗುರೀ, ಸುಮ್ನಿರು!’ ಅಂತೀನಿ.”

“ಜೋರಾಗಿ?”

“ಜೋರಾಗೇ.”

“ಅದಕ್ಕ ನೀವೂ ಸೀಟಿ ಜೋಡಿ ಒದರಿದಂಗ ಕೇಳಸ್ತೈತಿ.”

ಸಾವಂತ್ರಿಗೆ ನಗು ಬಂತು. ಅವತ್ತಿನಿಂದ ಅವಳ ತಾಲೀಮು ಶುರುವಾಯಿತು. ಹಗ್ಗ ಬಿಗಿ ಹಿಡಿಯದಿರುವುದು. ಲಿಫ್ಟಿನ ಬಾಗಿಲು ತೆರೆದಾಗ ತಾನು ಉಸಿರು ಕಟ್ಟದಿರುವುದು. ಬಾಗಿಲು ತೆರೆದು ಮುಚ್ಚುವುದನ್ನು ದೂರದಿಂದ ತೋರಿಸಿ ಮನೆಗೆ ಮರಳುವುದು. ಒಂದು ದಿನ ಮುಂದೆ, ಎರಡು ದಿನ ಹಿಂದೆ. ಐದನೆಯ ದಿನ ಅವಳು ಡ್ಯೂಟಿಯಿಂದ ಬಂದು ಬಾಗಿಲು ತೆರೆದಾಗ ಬುಗುರಿ ಒಂದು ಸುತ್ತು ತಿರುಗಿತು. ಒಂದೇ ಸುತ್ತು. ಸಾವಂತ್ರಿ ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತಳು.

ಆ ವಾರವೇ ಮಾಸ್ತರು ಕೇಳಿಕಳಿಸಿದರು: ತಾನು ಎಷ್ಟು ದೂರ ಕೂತರೆ ನಾಯಿ ಅಂಜುವುದಿಲ್ಲ?

ರುಬೀನಾ ಕೆಳಗಿಳಿದು ಹೋಗಿ ಅವರನ್ನೇ ತಿರುಗಿ ಕೇಳಿದಳು. “ಮೊದಲ ನೀವು ಎಷ್ಟು ದೂರ ಕುಂತ್ರ ಅಂಜೂದಿಲ್ಲ, ಅದನ್ನ ಹೇಳ್ರಿ ಮಾಸ್ತರ.”

ಮಾಸ್ತರು ಅಂಗಳದ ಆ ತುದಿಯ ನೀರಿನ ಟ್ಯಾಂಕಿನ ಕಡೆ ಕೈ ತೋರಿಸಿದರು.

ದಿನಾ ಮುಂಜಾನೆ ಅವರು ಟ್ಯಾಂಕಿನ ಬದಿಗೆ ಕುರ್ಚಿ ಹಾಕಿಸಿಕೊಂಡು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟು ಕೂತರು. ಬುಗುರಿ ಗೇಟಿನ ಬದಿಗೆ. ಕೋಲು ಒಂದಿಷ್ಟು ಅಲುಗುವುದು, ಬುಗುರಿ ನೋಡುವುದು, ಸಾವಂತ್ರಿ ರೊಟ್ಟಿಯ ಚೂರು ಕೊಡುವುದು. ದಿನಕ್ಕೆ ಒಂದೆರಡು ಹೆಜ್ಜೆ ಕುರ್ಚಿ ಮುಂದೆ ಬರುತ್ತಿತ್ತು. ಕೆಲವು ದಿನ ಮಾಸ್ತರೇ “ಇವತ್ತ ಬ್ಯಾಡ, ಎದಿ ಬಡಕೊಳ್ಳಾಕ ಹತ್ತೇತಿ” ಎನ್ನುತ್ತಿದ್ದರು. ಅವತ್ತು ಯಾರೂ ಯಾರನ್ನೂ ಒತ್ತಾಯ ಮಾಡುತ್ತಿರಲಿಲ್ಲ.

ತಿಂಗಳು ತುಂಬಿತು. ಸಂಘದವರು ಭಾನುವಾರ ಅಂಗಳದಲ್ಲಿ ಸಭೆ ಕರೆದರು. ಸಾವಂತ್ರಿ ಬುಗುರಿಯೊಂದಿಗೆ ಬಂದು ಗೋಡೆಯ ಬದಿಗೆ ನಿಂತಳು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, “ನಾಯಿ ಪೂರಾ ಕಲಿತೈತೇನ್ರಿ?” ಎಂದು ಕೇಳುವುದಕ್ಕೂ, ಕಸದ ಗಾಡಿ ಹಾಡು ಹಾಕಿಕೊಂಡು ಗೇಟಿಗೆ ಬರುವುದಕ್ಕೂ ಸರಿಹೋಯಿತು. ಬುಗುರಿ ನಾಲ್ಕು ಸಲ ಬೊಗಳಿತು.

ಸಭೆಯಲ್ಲಿ ಗುಸುಗುಸು. ಸಾವಂತ್ರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಪೂರಾ ಕಲಿತಿಲ್ರೀ” ಎಂದಳು.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಗದಿಗೆಪ್ಪ ಮಾಸ್ತರು ಎದ್ದು, ಕೋಲು ಊರಿಕೊಂಡು, ಗೋಡೆಯ ಕಡೆ ನಡೆದು ಬಂದರು. ಬುಗುರಿ ಕೋಲನ್ನು ನೋಡಿತು. ತಿರುಗಿ ಸಾವಂತ್ರಿಯ ಮುಖ ನೋಡಿತು. ಅವಳ ಕೈಯಲ್ಲಿ ರೊಟ್ಟಿ ಇರಲಿಲ್ಲ. ಆದರೂ ಅದು ಎಗರದೆ ಕೂತಿತು. ಮಾಸ್ತರು ನಾಲ್ಕು ಹೆಜ್ಜೆ ಈಚೆಗೆ ನಿಂತರು. ಅವರ ಹಣೆಯಲ್ಲಿ ಬೆವರು.

“ಅಧ್ಯಕ್ಷರ, ಬಿದ್ದಾವ ನಾನು. ಅದಕ್ಕ ನಾನ ಮಾತಾಡ್ತೀನಿ. ಈ ನಾಯಿ ಇನ್ನೂ ಪೂರಾ ಕಲಿತಿಲ್ಲ. ನಾನೂ ಕಲಿತಿಲ್ಲ. ಆದರ ಅರವತ್ತು ವರ್ಷದಾಗ ನಾಯಿಗೆ ಇಷ್ಟು ಸಮೀಪ ನಾ ನಿಂತಿದ್ದಿಲ್ಲ. ನಮ್ಮಿಬ್ಬರಿಗೂ ಇನ್ನೊಂದಿಷ್ಟು ದಿನ ಕೊಡ್ರಿ.”

ಯಾರೂ ಎದುರಾಡಲಿಲ್ಲ. ಅಧ್ಯಕ್ಷರು ಎಷ್ಟು ದಿನ ಎಂದು ಕೇಳಲು ಬಾಯಿ ತೆರೆದವರು, ಮಾಸ್ತರ ಮುಖ ನೋಡಿ, ಮುಂದಿನ ವಿಷಯಕ್ಕೆ ಹೋದರು.

ಸಾವಂತ್ರಿ ಅವತ್ತು ಮಾಸ್ತರಿಗೆ ಕೈಮುಗಿದಳು. ರುಬೀನಾಗೆ ಫೋನು ಮಾಡಿ ಅತ್ತಳು. ಗುಸುಗುಸು ಮಾಡಿದವರ ಮನೆಗೂ ಉಂಡಿ ಹಂಚಿ ಬಂದಳು. ಆದರೂ ಎದೆಯೊಳಗಿನದು ತೀರಲಿಲ್ಲ. ಇನ್ನೆರಡು ತಿಂಗಳಿಗೆ, ಬುಗುರಿ ಕಾರು ಲಾರಿಗೆಲ್ಲ ಬರೀ ಕಿವಿ ಆಡಿಸಿ ಸುಮ್ಮನಿರುವಷ್ಟಕ್ಕೆ ಬಂದಾಗ, ಅದನ್ನು ಕರೆದುಕೊಂಡು ಮಠಕ್ಕೆ ಹೋದಳು.

ಪಡಸಾಲೆ ಗುಡಿಸಿದಳು. ನೀರು ತುಂಬಿದಳು. ಅಜ್ಜಾರ ಮುಂದೆ ಕೂತು ಆದದ್ದನ್ನೆಲ್ಲ ಹೇಳಿದಳು.

“ಇಷ್ಟು ಮಂದಿ ಋಣ ಆತು ಅಜ್ಜಾರ. ನಿಮ್ಮದು, ಮಾಸ್ತರದು, ರುಬೀನಾದು. ಗಾಯ ಮಾಡಿಸಿದ ಕೈ ನೆಕ್ಕಿದ ಈ ಮೂಕ ಪ್ರಾಣಿದು. ಹೆಂಗ ತೀರಸ್ಲಿ?”

ಪೂಜೆಯ ಹೊತ್ತಾಗಿತ್ತು; ಅಜ್ಜಾರು ಹೂವಿನ ಬುಟ್ಟಿ ಹಿಡಿದು ಒಳಕೋಣೆಯ ಕಡೆ ಹೊರಟರು.

ಹೊಸ್ತಿಲ ಮೇಲೆ ಬುಗುರಿ ಅಡ್ಡ ಮಲಗಿತ್ತು. ನಾಲ್ಕೂ ಕಾಲು ಚಾಚಿ, ಹೊಟ್ಟೆ ಮೇಲಾಗಿ, ಬಾಯಿ ಅರ್ಧ ತೆರೆದು. ಮಠದ ಹಿಂದಿನ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಗುಡುಗುಡು ಹೋಯಿತು. ಅದಕ್ಕೆ ಎಚ್ಚರವೇ ಆಗಲಿಲ್ಲ.

ಸಾವಂತ್ರಿ ಗಡಬಡಿಸಿ ಎದ್ದಳು. “ಅಯ್ಯ, ಹೊಸ್ತಿಲಿಗೇ ಮಲಗೇತಿ! ಎಬ್ಬಸ್ತೀನಿ ತಡೀರಿ ಅಜ್ಜಾರ.”

ಅಜ್ಜಾರು ಕೈಸನ್ನೆಯಿಂದ ತಡೆದರು. ಅಂಗಳಕ್ಕಿಳಿದು, ಹಿಂಬಾಗಿಲಿನಿಂದ ಒಳಗೆ ಹೋಗಲೆಂದು ಸುತ್ತು ಹಾಕುತ್ತ ಹೇಳಿದರು:

“ಮಲಗ್ಲಿ ಬಿಡು, ತಂಗೀ. ಹಿಂಗ ಮಲಗೂದು ಕಲ್ಯಾಕಂತನ ಈ ಮಠಕ್ಕ ಬಂದಾವ ನಾನು. ನಲವತ್ತು ವರ್ಷ ಆತು.”